ಉಪ್ಪಿನಕಾಯಿ ಕೈಗೆ ಸಿಕ್ಕ ವೈನು

ನಾನು ಕುಡಿಯುವವನಲ್ಲ. ನಮ್ಮದು ಕೊರಳಿಗೆ ಲಿಂಗ ಕಟ್ಟುವ ಮನೆ. ಹೊರಗೆಲ್ಲಾದರೂ ಮೊಟ್ಟೆ ತಿಂದವರು ಬಾಯಿ ಮುಕ್ಕಳಿಸಿಕೊಂಡೇ ಹೊಸಿಲು ದಾಟುತ್ತಾರೆ. ಹಾಗಿದ್ದರೂ ವೈನು ಯಾಕೆ ಕೆಡುತ್ತದೆ, ಕೆಡದ ಹಾಗೆ ಹೇಗೆ ಇಡಬೇಕು ಅಂತ ಯಾರಾದರೂ ಕೇಳಿದರೆ ಪಿರಿಯಾಪಟ್ಟಣದಲ್ಲಿ ಹತ್ತಿದ ಬಸ್ಸು ಹುಣಸೂರು ಮುಟ್ಟುವವರೆಗೂ ಮಾತಾಡಬಲ್ಲೆ. ಕೇಳದಿದ್ದರೂ ಮಾತಾಡುತ್ತೇನೆ, ಅದು ಬೇರೆ ವಿಷಯ. ಕೊಟ್ಟ ಬುದ್ಧಿಗೆ ಬಾಡಿಗೆ ಬರಲ್ಲ, ಇಟ್ಟುಕೊಂಡರೆ ಬಡ್ಡಿಯೂ ಬರಲ್ಲ, ಹಂಚಿಬಿಡುವುದೇ ಲಾಭ.

ಕೆಡುವ ಮಾಲಿನ ಪಾಠ ನನಗೆ ಆದದ್ದು ಕೆ.ಆರ್. ನಗರದ ಬಸ್‌ಸ್ಟ್ಯಾಂಡಿನಲ್ಲಿ. ನನ್ನ ಮೊದಲ ವ್ಯಾಪಾರ ಅಲ್ಲಿನ ಕಬ್ಬಿನ ಹಾಲಿನ ಗಾಡಿ. ಹಿಂಡಿದ ಹಾಲು ಬಿಸಿಲಿಗೆ ಸ್ವಲ್ಪ ಹೊತ್ತು ನಿಂತರೆ ಸಾಕು, ಬಣ್ಣ ಕಂದುತ್ತದೆ. ಇನ್ನೂ ನಿಂತರೆ ನೊರೆ ಏಳುತ್ತದೆ. ಸಂಜೆವರೆಗೆ ಬಿಟ್ಟರೆ ಮೂಗಿಗೆ ಹಿಡಿಯಲಾಗದ ಹುಳಿ. ಸಿಹಿಯಾಗಿರುವುದೆಲ್ಲ ಅಮಲಿನ ಕಡೆ ಹೊರಡುತ್ತದೆ, ಅಮಲು ಹುಳಿಯ ಕಡೆ. ವೈನು ಮಾಡುವುದು ಅಂದರೆ ಈ ಬಸ್ಸನ್ನು ನಡುವಿನ ಸ್ಟಾಪಿನಲ್ಲಿ ನಿಲ್ಲಿಸಿ, ಡ್ರೈವರನ್ನು ಇಳಿಸಿಕೊಂಡು ಮಾತಿಗೆ ಕೂರಿಸಿದ ಹಾಗೆ. ಸ್ವಲ್ಪ ಕಣ್ಣು ತಪ್ಪಿಸಿದಿರೋ, ಅವನು ಗಾಡಿ ಹತ್ತಿ ಹೊರಟೇಬಿಡುತ್ತಾನೆ.

ಗಾಡಿ ಬಿಟ್ಟು ನಾನು ಶುಂಠಿ ವ್ಯಾಪಾರಕ್ಕೆ ಇಳಿದೆ. ನಮ್ಮ ಕಡೆ ಕೇರಳದವರು ಬಂದು ಜಮೀನು ಗುತ್ತಿಗೆ ಹಿಡಿದು, ಹೊಲದಲ್ಲೇ ಶೆಡ್ಡು ಹಾಕಿಕೊಂಡು ಶುಂಠಿ ಬೆಳೆಯುತ್ತಾರೆ. ಹುಣಸೂರು, ಎಚ್.ಡಿ. ಕೋಟೆ ಸುತ್ತಮುತ್ತ ಎಲ್ಲ ಕಡೆ ಇದ್ದಾರೆ. ವೀರನಹೊಸಹಳ್ಳಿ ಹತ್ತಿರ ಹಾಗೆ ಬೆಳೆಯುತ್ತಿದ್ದ ಒಬ್ಬ ಹೆಂಗಸಿನ ಹತ್ತಿರ ನಾನು ಮೊದಲ ಸಲ ಮಾಲು ನೋಡಲು ಹೋದಾಗಿನ ಕಥೆ ಹೇಳಬೇಕು. ಗಂಡ ತೀರಿಕೊಂಡ ಮೇಲೂ ಗುತ್ತಿಗೆ ಬಿಡದೆ ಒಬ್ಬಳೇ ಮಗಳನ್ನು ಸಾಕಿಕೊಂಡಿದ್ದವಳು. ಎಲ್ಲರೂ ಚೇಚಿ ಅನ್ನುತ್ತಿದ್ದರು, ಅಕ್ಕ ಅಂತ ಅದರ ಅರ್ಥ. ನಾನೂ ಹಾಗೇ ಕರೆದೆ. ಶುಂಠಿ ಕೊಳೆತಿದೆಯೋ ಇಲ್ಲವೋ ನೋಡಲು ವ್ಯಾಪಾರಿಗಳು ರಾಶಿಯಿಂದ ಒಂದೊಂದು ಗೆಡ್ಡೆ ಎತ್ತಿ ಅದರ ಬೆರಳಿನಂಥ ಕವಲು ಮುರಿಯುತ್ತೇವೆ. ಮುರಿಯುತ್ತಾ ಮುರಿಯುತ್ತಾ ಮುಖ ಸಿಂಡರಿಸಿದರೆ ದರ ತಾನಾಗಿ ಇಳಿಯುತ್ತದೆ, ಅದು ನಮ್ಮ ಹಳೇ ಆಟ. ಈ ಚೇಚಿ ನಾನು ಮುರಿದದ್ದನ್ನೆಲ್ಲ ಒಂದು ಮಂಕರಿಗೆ ತುಂಬುತ್ತಾ ಬಂದಳು. ದರ ಮುಗಿಯುವ ಹೊತ್ತಿಗೆ ಆ ಮಂಕರಿಯನ್ನು ನನ್ನ ಕಾಲ ಬಳಿ ಇಟ್ಟು, ಮುರಿದ ಮಾಲು ಬೇರೆಯವರು ತಗೊಳ್ಳಲ್ಲ ಅಣ್ಣಾ, ಇದು ನಿನ್ನದೇ, ಮೊದಲು ಇದನ್ನು ತೂಗು ಅಂದಳು. ನಾನು ಅವತ್ತಿನಿಂದ ಅವಳ ಹೊಲದಲ್ಲಿ ಶುಂಠಿ ಮುರಿದಿಲ್ಲ. ಚೌಕಾಸಿಯಲ್ಲಿ ನನ್ನನ್ನು ಸೋಲಿಸಿದವರ ಮೇಲೆ ನನಗೆ ಸಿಟ್ಟು ಬರುವುದಿಲ್ಲ, ಪ್ರೀತಿ ಬರುತ್ತದೆ. ಅಂಥವರು ಸಿಗುವುದೇ ಅಪರೂಪ.

ನನ್ನ ಅವ್ವನಿಗೂ ಅವಳಿಗೂ ಗಂಟು ಬಿದ್ದದ್ದು ಉಪ್ಪಿನಕಾಯಿಯಿಂದ. ಅವ್ವನ ಹೇರಳೆಕಾಯಿ ಉಪ್ಪಿನಕಾಯಿ ವರ್ಷಗಟ್ಟಲೆ ಇಟ್ಟರೂ ಬೂಸ್ಟು ಹಿಡಿಯುವುದಿಲ್ಲ. ಕೈ ಒಣಗಿರಬೇಕು, ಸೌಟು ಒಣಗಿರಬೇಕು, ಜಾಡಿ ಬಿಸಿಲು ಕಂಡಿರಬೇಕು, ಆಗಾಗ ಕೈಯಾಡಿಸುತ್ತಿರಬೇಕು, ಇಷ್ಟೇ ಅವಳ ವೇದ. ಚೇಚಿ ಮನೆಗೆ ಬಂದರೆ ಇಬ್ಬರೂ ಅಡುಗೆಮನೆ ಬಾಗಿಲಲ್ಲಿ ಕೂತು ಕಾಯಿ, ಉಪ್ಪು, ಎಣ್ಣೆ ಅಂತ ಗಂಟೆಗಟ್ಟಲೆ. ಅವ್ವ ಅವಳನ್ನು ‘ಮಗ’ ಅನ್ನುತ್ತಿದ್ದಳು, ಅವಳು ಅವ್ವನನ್ನು ‘ಅಮ್ಮಚ್ಚಿ’ ಅನ್ನುತ್ತಿದ್ದಳು. ಅವಳ ಕನ್ನಡ ಅರ್ಧ, ಅವ್ವನ ಮಲಯಾಳ ಸೊನ್ನೆ. ಉಪ್ಪಿನಕಾಯಿಗೆ ಅಷ್ಟು ಭಾಷೆ ಧಾರಾಳ.

ಚೇಚಿಯ ಮಗಳಿಗೆ ಗಂಡು ಗೊತ್ತಾಯಿತು. ಎಚ್.ಡಿ. ಕೋಟೆ ಕಡೆ ನೆಲೆ ನಿಂತ ಅವರದೇ ಜನ, ಇವರಿಗಿಂತ ಅನುಕೂಲಸ್ಥರು. ದಸರಾ ಕಳೆದ ಮೇಲೆ ಮದುವೆ. ಅವರ ಮದುವೆಗಳಲ್ಲಿ ಚರ್ಚಿನಿಂದ ಬಂದ ಮೇಲೆ ಹೆಣ್ಣು ಗಂಡು ಕೇಕು ಕತ್ತರಿಸಿ ವೈನು ಕುಡಿಯುತ್ತಾರೆ. ಚೇಚಿಯ ಮನೆತನದಲ್ಲಿ ಆ ವೈನನ್ನು ಹೆಣ್ಣಿನ ತಾಯಿಯೇ ಮಾಡಬೇಕು. ಇವಳ ಮದುವೆಗೆ ಇವಳ ಅಮ್ಮ ಮಾಡಿದ್ದಳು, ಅವಳಿಗೆ ಅವಳ ಅಮ್ಮ. ಬಂಗಾರದ ಮಾತಾಗುವಾಗ ಗಂಡಿನ ಕಡೆಯವರ ಮುಂದೆ ತಲೆ ತಗ್ಗಿಸಿ ಕೂತಿದ್ದ ಚೇಚಿ, ವೈನಿನ ಮಾತು ಬಂದಾಗ ಮಾತ್ರ ತಲೆ ಎತ್ತಿ, ಅದು ನನ್ನ ಕೈಯದು, ನೀವು ಏನೂ ತರಬೇಡಿ ಅಂದಿದ್ದಳಂತೆ.

ಮೈಸೂರು ಮಾರ್ಕೆಟ್ಟಿನಿಂದ ಕರಿ ದ್ರಾಕ್ಷಿ ತಂದುಕೊಟ್ಟವನು ನಾನೇ. ಜಗ್ಗಾಡಿ ತಂದೆ ಅಂತ ಹೇಳಬೇಕಾಗಿಲ್ಲ. ಅವಳು ದ್ರಾಕ್ಷಿ ಕಿವುಚಿ, ಸಕ್ಕರೆ, ಒಂದು ಹಿಡಿ ಗೋಧಿ, ಚಕ್ಕೆ ಲವಂಗ ಹಾಕಿ ಎರಡು ಭರಣಿಗೆ ತುಂಬಿದಳು. ಭರಣಿ ಅಂದರೆ ನಮ್ಮ ಉಪ್ಪಿನಕಾಯಿಯ ಪಿಂಗಾಣಿ ಜಾಡಿಯೇ, ಮೇಲೆ ಕಂದು ಕೆಳಗೆ ಬಿಳಿ. ಅಳತೆ ಮಾತ್ರ ದೊಡ್ಡದು. ಅದರೊಳಗೆ ದ್ರಾಕ್ಷಿ ಬುಸುಗುಟ್ಟಿ ಹುದುಗು ಬರುತ್ತಿದ್ದ ದಿನಗಳಲ್ಲಿ ಒಮ್ಮೆ ಅವ್ವ ನನ್ನ ಪಿಕಪ್ಪಿನಲ್ಲಿ ಅಲ್ಲಿಗೆ ಬಂದಿದ್ದಳು. ಮೂಗಿಗೆ ಸೆರಗು ಹಿಡಿದುಕೊಂಡು ದೂರದಲ್ಲೇ ನಿಂತಳು. ಆದರೆ ಚೇಚಿ ಮರದ ಸೌಟು ಒರೆಸಿ ಒಣಗಿಸಿ, ಭರಣಿಗೆ ಇಳಿಸಿ ತಿರುಗಿಸಿ, ಬಾಯಿಗೆ ಬಟ್ಟೆ ಕಟ್ಟಿದ್ದನ್ನು ಕಣ್ಣಾರೆ ನೋಡಿದಳು. ನೋಡಿ ತಲೆದೂಗಿದಳು. ಒಳ್ಳೇ ಕೈ ಅಂತ ದಾರಿಯಲ್ಲಿ ನನಗೆ ಹೇಳಿದಳು.

ಇಲ್ಲಿ ಓದುವವರು ಒಂದು ವಿಷಯ ತಿಳಿದುಕೊಳ್ಳಬೇಕು. ಹುದುಗು ಬರುವಾಗ ವೈನಿಗೆ ಗಾಳಿ ನೆಂಟ. ಬುಸುಗುಟ್ಟುವುದು ನಿಂತು, ಸಿಪ್ಪೆ ಹಿಂಡಿ ಸೋಸಿದ ಮೇಲೆ ಅದೇ ಗಾಳಿ ಕಳ್ಳ. ಆಮೇಲೆ ಭರಣಿ ಬಾಯಿ ಮುಚ್ಚಬೇಕು, ಸಂದಿಗೆ ಗೋಧಿ ಹಿಟ್ಟು ಮೆತ್ತಬೇಕು, ತಂಪು ಕತ್ತಲೆಯಲ್ಲಿ ಇಟ್ಟು ಮರೆತುಬಿಡಬೇಕು. ಚೇಚಿ ಸೋಸಿ, ಮುಚ್ಚಿ, ಹಿಟ್ಟು ಮೆತ್ತಿದ್ದೂ ಆಯಿತು. ಅದನ್ನು ಅವ್ವ ನೋಡಿರಲಿಲ್ಲ.

ಅಷ್ಟರಲ್ಲಿ ಆನೆ ಬಂತು. ಕಾಡಂಚು, ಆನೆ ಬರುವುದು ಹೊಸದಲ್ಲ. ಆದರೆ ಈ ಸಲ ಪಕ್ಕದ ಗುತ್ತಿಗೆಯವರ ಶೆಡ್ಡಿನೊಳಗೆ ಬಾಳೆಗೊನೆ ಹಣ್ಣಾಗಿತ್ತು. ಆ ವಾಸನೆಗೆ ತಗಡಿನ ಗೋಡೆಯನ್ನು ಹಪ್ಪಳದ ಹಾಗೆ ಸುರುಳಿ ಸುತ್ತಿ ಹೋಗಿತ್ತು. ಬಾಳೆಹಣ್ಣಿಗೇ ಹೀಗಾದರೆ ದ್ರಾಕ್ಷಿಯ ಹೆಂಡಕ್ಕೆ ಬಿಡುತ್ತದಾ ಅಂತ ಚೇಚಿಗೆ ಜೀವ ಹಾರಿತು. ಮಗಳ ಮದುವೆಯದು, ನಿಮ್ಮ ಊರಲ್ಲಿ ಎಲ್ಲಾದರೂ ಇಟ್ಟುಕೊಡಿ ಅಂತ ಕೇಳಿದಳು. ನಾನು ಹುಲ್ಲು ಹಾಸಿ ಎರಡೂ ಭರಣಿ ಪಿಕಪ್ಪಿಗೆ ಏರಿಸಿ ತಂದೆ.

ಅವ್ವ ಬಾಗಿಲಲ್ಲೇ ನಿಂತು ಯೋಚನೆ ಮಾಡಿದಳು. ಮನೆಯೊಳಗೆ ಆಗಲ್ಲ, ದೇವರಿದ್ದಾನೆ. ಹೊರಗೆ ಬಿಡಕ್ಕಾಗಲ್ಲ, ಹೆಣ್ಣಿನ ಮದುವೆ ಸಾಮಾನು. ಕೊನೆಗೆ ಜಾಗ ಅವಳೇ ಹುಡುಕಿದಳು. ಹಿತ್ತಲಾಚೆ ನಮ್ಮ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಇದೆ. ಅದರ ಗೋಡೆಗೆ ಅಂಟಿಕೊಂಡ ಹಾಗೆ ಸೌದೆ ಹಾಕುವ ಒಂದು ಕೊಟ್ಟಿಗೆ. ಒಣ ಜಾಗ, ಹಲ್ಲಿ ಹುಳದ ಕಾಟ ಇಲ್ಲ, ಮಳೆಗಾಲದಲ್ಲೂ ಶೀತ ಹತ್ತಲ್ಲ. ಉಪ್ಪಿನಕಾಯಿ ಲೆಕ್ಕದಲ್ಲಿ ಅದಕ್ಕಿಂತ ಒಳ್ಳೇ ಜಾಗ ನಮ್ಮ ಊರಲ್ಲೇ ಇಲ್ಲ. ಬ್ಯಾರನ್ನಿಗೆ ಆಗಿನ್ನೂ ಬೆಂಕಿ ಹಾಕಿರಲಿಲ್ಲ. ನಾನು ಭರಣಿ ಇಳಿಸಿ ಮಡಿಕೇರಿ ಕಡೆಯ ವ್ಯಾಪಾರಕ್ಕೆ ಹೊರಟೆ. ಅವ್ವ ನೋಡಿಕೊಳ್ಳುತ್ತಾಳೆ ಅಂದರೆ ಅಲ್ಲಿಗೆ ಮುಗಿಯಿತು. ಅವಳು ನೋಡಿಕೊಂಡ ದನ ಬಡವಾದದ್ದಿಲ್ಲ, ಮಗು ಸೊರಗಿದ್ದಿಲ್ಲ.

ಮಳೆ ಹಿಂದಾಗಿ ಹೊಗೆಸೊಪ್ಪಿನ ಕಟಾವು ಶುರುವಾಯಿತು. ಬ್ಯಾರನ್ನಿನ ಒಲೆ ಹಗಲಿರುಳು ಉರಿಯತೊಡಗಿತು. ಗೋಡೆ ಕೈಯಿಟ್ಟರೆ ಹಾಯೆನಿಸುವಷ್ಟು ಬೆಚ್ಚಗೆ.

ಮದುವೆಗೆ ಇನ್ನು ಕೆಲವು ವಾರ ಇರುವಾಗ ಚೇಚಿ ವೈನು ನೋಡಲು ಬಂದಳು. ಅವ್ವ ತಾನೇ ಮುಂದಾಗಿ ಕೊಟ್ಟಿಗೆಗೆ ಕರೆದುಕೊಂಡು ಹೋದಳು. ನಾನೂ ಹಿಂದೆ ಹೋದೆ. ಮೊದಲ ಭರಣಿಯ ಮುಚ್ಚಳವೇ ಇರಲಿಲ್ಲ. ಬಾಯಿಗೆ ಒಗೆದು ಮಡಿ ಮಾಡಿದ ತೆಳು ಮಲ್ಲು ಬಟ್ಟೆ ಕಟ್ಟಿತ್ತು. ಪಕ್ಕದಲ್ಲಿ ಸೌದೆಯ ಮೇಲೆ ಒಂದು ಮರದ ಸೌಟು, ಅದನ್ನೂ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದಳು.

“ಹಿಟ್ಟು ಮೆತ್ತಿದ್ಯಲ್ಲ ಮಗ, ಉಸ್ರು ಕಟ್ಟದಾ ಅಂತ ತೆಗ್ದೆ,” ಅಂದಳು ಅವ್ವ. “ವಾರ್ವಾರಕ್ಕೂ ಕೈಯಾಡಿಸ್ತೀನಿ. ಸೌಟು ಒಣಗ್ಸೇ ಮುಳುಗ್ಸದು, ಹೆದ್ರಬೇಡ. ಒಂದಿನ ಬಿಸ್ಲಿಗೂ ಎಳ್ದಿಟ್ಟಿದ್ದೆ.”

ನೋಡಿ, ಮೂಗಿಗೆ ಸೆರಗು ಹಿಡಿದುಕೊಂಡಾದರೂ, ಸ್ನಾನ ಪೂಜೆ ಮುಗಿಸಿದ ಮೇಲೆ ಮತ್ತೊಂದು ಸ್ನಾನ ಮಾಡಬೇಕಾಗಿ ಬಂದರೂ, ವಾರ ತಪ್ಪಿಸದೆ ಬಂದು ಆ ಹೆಂಡವನ್ನು ಕೈಯಾಡಿಸಿದ್ದಳು ನನ್ನ ತಾಯಿ. ಯಾರದೋ ಮಗಳ ಮದುವೆಯದು ಅಂತ.

ಚೇಚಿ ಬಟ್ಟೆ ಬಿಚ್ಚಿದಳು. ಸಣ್ಣ ನುಸಿಗಳು ಎದ್ದವು. ಮೇಲೆ ಮೊಸರಿನ ಕೆನೆಯಂಥ ತೆಳು ಬಿಳಿ ಪೊರೆ. ವಾಸನೆ ನನ್ನ ಮೂಗಿಗೆ ಬಂದದ್ದೇ ನನಗೆ ಕೆ.ಆರ್. ನಗರದ ಸಂಜೆಗಳು ನೆನಪಾದವು. ಬಸ್ಸು ನಡುವಿನ ಸ್ಟಾಪು ಬಿಟ್ಟು ಹೊರಟುಹೋಗಿತ್ತು. ಚೇಚಿ ಲೋಟದಲ್ಲಿ ಸ್ವಲ್ಪ ಎತ್ತಿ ನಾಲಿಗೆಗೆ ಮುಟ್ಟಿಸಿದಳು. ಅವಳ ದವಡೆ ಬಿಗಿಯಿತು. ಅವ್ವ ಅವಳ ಮುಖವನ್ನೇ ನೋಡುತ್ತಿದ್ದಳು.

“ಚೆನ್ನಾಗಿದೆ ಅಮ್ಮಚ್ಚಿ,” ಅಂದಳು ಚೇಚಿ. “ನೀವು ಒಳ್ಳೇದು ನೋಡಿದ್ರಿ.”

ಎರಡನೆಯ ಭರಣಿಯ ಹಿಟ್ಟು ಗಟ್ಟಿಯಾಗಿ ಕಚ್ಚಿಕೊಂಡಿದ್ದರಿಂದ ಅವ್ವನಿಗೆ ಅದನ್ನು ಬಿಡಿಸಲು ಇತ್ತೀಚೆಗಷ್ಟೇ ಆಗಿತ್ತಂತೆ. ಒಂದೆರಡು ಸಲ ಮಾತ್ರ ಕೈಯಾಡಿಸಿದ್ದಳು, ಅದಕ್ಕೇ ಸ್ವಲ್ಪ ನಾಚಿಕೆಯಿಂದ ಹೇಳಿದಳು. ಚೇಚಿ ಅದನ್ನೂ ರುಚಿ ನೋಡಿದಳು. ಈ ಸಲ ಕಣ್ಣು ಮುಚ್ಚಿ, ಬಹಳ ಹೊತ್ತು ಬಾಯಲ್ಲೇ ಇಟ್ಟುಕೊಂಡು, ಆಮೇಲೆ ಉಗುಳಿದಳು.

ಪಿಕಪ್ಪಿನ ಹತ್ತಿರ ಬಂದ ಮೇಲೆ ನನಗೆ ನಿಜ ಹೇಳಿದಳು. ಮೊದಲನೆಯದು ಹೋಯಿತು, ಪೂರ್ತಿ ವಿನಿಗರ್ ಆಯಿತು. ಹುಳಿಯಾದ ವೈನನ್ನು ಯಾವ ದೇವರೂ ಹಿಂದಕ್ಕೆ ತರಲ್ಲ. ಎರಡನೆಯದಕ್ಕೆ ಬ್ಯಾರನ್ ಬಿಸಿ ಬಡಿದಿದೆ, ಸ್ವಲ್ಪ ಬೆಂದ ಬೆಲ್ಲದ ರುಚಿ ಬಂದಿದೆ, ಆದರೆ ಹುಳಿ ಇನ್ನೂ ಹೊಸ್ತಿಲಲ್ಲೇ ಇದೆ. ಇದೇ ಜಾಗದಲ್ಲಿ ಇದ್ದರೆ ಮದುವೆವರೆಗೆ ಉಳಿಯುವುದಿಲ್ಲ. ಇದನ್ನೆಲ್ಲ ಹೇಳಿ, ಕೈಯಾಡಿಸಿದ್ದಕ್ಕೆ ಹೀಗಾಯಿತು ಅಂತ ಅಮ್ಮಚ್ಚಿಗೆ ಹೇಳಬೇಡ, ಬ್ಯಾರನ್ ಬಿಸಿಗೆ ಕೆಟ್ಟಿತು ಅಂತ ಹೇಳು ಅಂದಳು. ಆಮೇಲೆ ನಾನು ಅವ್ವನಿಗೆ ಹಾಗೇ ಹೇಳಿದೆ.

ನಾನು ವ್ಯಾಪಾರಿ. ಕೆಟ್ಟ ಮಾಲಿಗೆ ಅಳುವ ಅಭ್ಯಾಸ ಇಲ್ಲ, ಬದಲಿ ಮಾಲು ಎಲ್ಲಿ ಸಿಗುತ್ತದೆ ಅಂತ ಯೋಚಿಸುವುದು ಅಭ್ಯಾಸ. ಮಡಿಕೇರಿ ರಸ್ತೆಯ ಕೊಪ್ಪದ ಅಂಗಡಿಗಳಲ್ಲಿ ಮನೆಯಲ್ಲಿ ಮಾಡಿದ ವೈನು ಅಂತ ಸಾಲು ಸಾಲು ಇಟ್ಟಿರುತ್ತಾರೆ. ನಾನು ದರ ಮುರಿದು ಒಳ್ಳೇದು ತಂದುಕೊಡುತ್ತೇನೆ, ಭರಣಿಗೆ ಸುರಿದರೆ ಯಾರಿಗೆ ಗೊತ್ತಾಗುತ್ತದೆ ಅಂದೆ. ಚೇಚಿ ನನ್ನನ್ನು ನೋಡಿದ ರೀತಿ, ಆ ಮುರಿದ ಶುಂಠಿಯ ಮಂಕರಿ ಮುಂದಿಟ್ಟಾಗ ನೋಡಿದ ರೀತಿಯೇ.

“ಅಣ್ಣಾ, ನಿನ್ನ ಮಗಳಿಗೆ ಧಾರೆ ಎರೆಯೋಕೆ ಬಾಡಿಗೆಗೆ ಕೈ ತರ್ತೀಯಾ?”

ಅಲ್ಲಿಗೆ ಆ ಮಾತು ಮುಗಿಯಿತು. ಉಳಿದದ್ದು ಒಂದೇ: ಎರಡನೆಯ ಭರಣಿಯನ್ನು ಮದುವೆವರೆಗೆ ಜೀವ ಹಿಡಿದು ನಿಲ್ಲಿಸುವುದು.

ಕೊಪ್ಪಕ್ಕೆ ಹೋದೆ, ಆದರೆ ವೈನಿಗಲ್ಲ, ಖಾಲಿ ಬಾಟಲಿಗೆ. ಬಣ್ಣದ ಗಾಜಿನ ಸಣ್ಣ ಬಾಟಲಿಗಳೇ ಆಗಬೇಕು ಅಂತ ಚೇಚಿ ಹೇಳಿದ್ದಳು. ಅಂಗಡಿಯವನು ಒಂದು ದರ ಹೇಳಿದ, ನಾನು ಅದರ ಕಾಲು ಭಾಗ ಹೇಳಿದೆ. ಅವನು ನಕ್ಕ, ನಾನು ಹೊರಟೆ. ಅವನು ಕರೆದ, ನಾನು ಫೋನಿನಲ್ಲಿ ಮಾತಾಡುವ ಹಾಗೆ ನಟಿಸಿದೆ. ಕೊನೆಗೆ ಹೊಸ ಬಿರಡೆಗಳನ್ನು ಮೇಲೆ ಹಾಕಿಸಿಕೊಂಡು ತಂದೆ. ಬಿರಡೆ ಮಾತ್ರ ಹಳೇದು ತಗೋಬೇಡಿ, ಅದು ನನ್ನ ಮಾತು. ಬಾಟಲಿ ತೊಳೆದರೆ ಶುದ್ಧ, ಹಳೇ ಬಿರಡೆಯ ತೂತಿನೊಳಗೆ ಹಿಂದಿನ ಮನೆಯವರ ಹುಳಿ ಕೂತಿರುತ್ತದೆ.

ಚೇಚಿ ನಮ್ಮ ಹಿತ್ತಲಲ್ಲೇ ಹಂಡೆ ಇಟ್ಟು ಬಾಟಲಿ ಕುದಿಸಿದಳು. ಬೋರಲು ಹಾಕಿ ಹನಿ ನೀರಿಲ್ಲದಂತೆ ಆರಿಸಿದಳು. ಭರಣಿಯನ್ನು ಎತ್ತಲೂ ಇಲ್ಲ, ಅಲುಗಿಸಲೂ ಇಲ್ಲ. ಹೊಸ ಸಣ್ಣ ಪೈಪೊಂದನ್ನು ಪೊರೆಗೂ ತಾಗದೆ ತಳದ ಗಸಿಗೂ ತಾಗದೆ ನಡುವಿಗೆ ಇಳಿಸಿ, ಬಾಯಲ್ಲಿ ಎಳೆದು, ಬಾಟಲಿಗಳಿಗೆ ಮೆಲ್ಲಗೆ ಇಳಿಸಿದಳು. ಮೇಲಿಂದ ಧಾರೆಯಾಗಿ ಸುರಿದರೆ ಗಾಳಿ ಬೆರೆಯುತ್ತದೆ. ಪೈಪಿನ ತುದಿ ಬಾಟಲಿಯ ತಳ ಮುಟ್ಟಬೇಕು. ತುಂಬಿದ್ದು ಹೇಗೆ ಅಂದರೆ, ಬಿರಡೆ ಒತ್ತಿದರೆ ಒಂದು ತೊಟ್ಟು ಹೊರಗೆ ಜಿನುಗಬೇಕು, ಅಷ್ಟು. ಇದೇ ಇದರ ಗುಟ್ಟೆಲ್ಲ. ಅರ್ಧ ಖಾಲಿ ಪಾತ್ರೆಯಲ್ಲಿ ವೈನು ಉಳಿಯುವುದಿಲ್ಲ, ಯಾಕೆಂದರೆ ಉಳಿದರ್ಧ ಖಾಲಿ ಅಲ್ಲ, ಗಾಳಿ. ನಿಮ್ಮ ಮನೆಯಲ್ಲಿ ಯಾರಾದರೂ ದೊಡ್ಡ ಬಾಟಲಿ ತೆರೆದು ಉಳಿಸಿದರೆ, ಅದನ್ನು ಅದರಲ್ಲೇ ಬಿಡಬೇಡಿ. ಚಿಕ್ಕ ಬಾಟಲಿಗೆ ಕಂಠಮಟ್ಟ ತುಂಬಿ, ಮುಚ್ಚಿ, ಫ್ರಿಜ್ಜಿನಲ್ಲಿಟ್ಟು ಕೆಲವೇ ದಿನದಲ್ಲಿ ಮುಗಿಸಿ. ಚೆನ್ನಾಗಿದೆಯಾ ಅಂತ ದಿನಾ ತೆರೆದು ನೋಡಬೇಡಿ. ಪ್ರೀತಿ ಜಾಸ್ತಿಯಾದರೂ ಕೆಡುವ ವಸ್ತು ಇದು. ಬಿರಡೆ ಹಾಕಿದ್ದನ್ನು ಮಲಗಿಸಿಡಿ, ಬಿರಡೆ ಒದ್ದೆಯಾಗಿದ್ದರೆ ಬಿರಿಯುವುದಿಲ್ಲ. ತಿರುಪು ಮುಚ್ಚಳದ್ದು ನಿಂತೇ ಇರಲಿ.

ಕೊನೆಯ ಬಾಟಲಿ ಅರ್ಧಕ್ಕೆ ನಿಂತಿತು. ಅದನ್ನು ಏನು ಮಾಡ್ತೀಯಾ ಅಂದೆ. ಚೇಚಿ ಯೋಚಿಸಲೇ ಇಲ್ಲ, ಇದು ಇಡೋದಲ್ಲ ಅಂತ ಅವಳ ಹೊಲದ ಆಳುಗಳಿಗೆ ಕೊಡಲು ಎತ್ತಿಟ್ಟಳು. ಉಳಿದವುಗಳ ಬಿರಡೆಯ ಮೇಲೆ ಮೇಣದ ಬತ್ತಿ ಕರಗಿಸಿ ಹನಿ ಹನಿಯಾಗಿ ಮುದ್ರೆ ಹಾಕಿದಳು.

ಈಗ ಇಡುವುದೆಲ್ಲಿ? ಅವಳ ಶೆಡ್ಡಿನ ತಗಡು ಹಗಲೆಲ್ಲ ಕಾಯುತ್ತದೆ, ಮೇಲೆ ಆನೆ. ನನ್ನ ಶುಂಠಿ ಗೋಡೌನು ಅದಕ್ಕಿಂತ ಸೆಕೆ. ನಮ್ಮ ಫ್ರಿಜ್ಜಿನಲ್ಲಿ ಮೊಸರು, ಹಿಟ್ಟು, ನಾಳಿನ ಪೂಜೆಯ ಹೂವು. ಅದೂ ಅಲ್ಲದೆ ದಿನಕ್ಕೆ ಎಷ್ಟು ಸಲ ಕರೆಂಟು ಹೋಗುತ್ತದೆ ನಮ್ಮೂರಲ್ಲಿ. ತಂಪಾದ ಜಾಗ ಅಂತ ಒಂದೇ ಇತ್ತು. ನಮ್ಮ ಹಳೇ ಮಣ್ಣುಗೋಡೆಯ ನಡುಮನೆ, ಅದರ ಮೂಲೆ, ದೇವರ ಗೂಡಿನ ಕೆಳಗಿನ ತಗ್ಗು. ಬಿರುಬೇಸಿಗೆಯಲ್ಲೂ ಅಲ್ಲಿ ಕಾಲಿಟ್ಟರೆ ಹಿಮ್ಮಡಿ ತಣ್ಣಗಾಗುತ್ತದೆ. ಅವ್ವ ಅಲ್ಲಿ ಬೆಣ್ಣೆ ಗಡಿಗೆ ಇಡುತ್ತಾಳೆ. ನನಗೂ ಗೊತ್ತಿತ್ತು, ಚೇಚಿಗೂ ಗೊತ್ತಿತ್ತು. ಇಬ್ಬರೂ ಬಾಯಿ ಬಿಡಲಿಲ್ಲ. ಅವಳು ಬಾಟಲಿಗಳಿಗೆ ಒದ್ದೆ ಗೋಣಿ ಹೊದಿಸುತ್ತಾ, ಹೀಗೇ ಬೇವಿನ ಮರದ ಕೆಳಗೆ ಇಟ್ಟು ನೋಡೋಣ ಅಂದಳು. ಅವಳ ದನಿಯಲ್ಲಿ ನಂಬಿಕೆ ಇರಲಿಲ್ಲ.

ಅವ್ವ ಅಷ್ಟು ಹೊತ್ತೂ ಜಗಲಿಯ ಮೇಲೆ ಕೂತು ಎಲ್ಲ ನೋಡುತ್ತಿದ್ದಳು. ಯಾಕೆ ಒಂದೇ ಭರಣಿಯಿಂದ ತುಂಬಿದಿರಿ ಅಂತ ಕೇಳಲಿಲ್ಲ. ಎದ್ದು ಬಂದು ಗೋಣಿಯ ಹತ್ತಿರ ನಿಂತಳು.

“ನನ್ನ ಕೈಯೇ ಕೆಡಿಸ್ತು ಅಂತ ನೀವಿಬ್ರೂ ಒಂದ್ ಮಾತೂ ಅನ್ನಲಿಲ್ಲ,” ಅಂದಳು. “ಅದ್ಕೇ ನಂಗೆ ಗೊತ್ತಾಗೋಯ್ತು ಕಣ್ಲಾ. ಬ್ಯಾರನ್ ಬಿಸಿ ಆಗಿದ್ರೆ ಎರ್ಡೂ ಒಂದೇ ತರ ಕೆಡ್ಬೇಕಿತ್ತು.”

ಚೇಚಿ ಅವ್ವನ ಕೈ ಹಿಡಿದುಕೊಂಡು ಏನೋ ಹೇಳಹೊರಟಳು, ಅರ್ಧ ಮಲಯಾಳ, ಅರ್ಧ ಅಳು. ಅವ್ವ ಬಿಡಿಸಿಕೊಂಡಳು. ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಬೆಣ್ಣೆ ಗಡಿಗೆಯನ್ನು ಸೊಂಟದ ಮೇಲಿಟ್ಟುಕೊಂಡು ಹೊರಗೆ ಬಂದು ಅದನ್ನು ಅಡುಗೆಮನೆಗೆ ಸಾಗಿಸಿದಳು.

“ಒಳೀಕೆ ತನ್ನಿ,” ಅಂದಳು.

ಅವ್ವ, ದೇವರ ಮೂಲೆ ಅದು ಅಂದೆ ನಾನು. ಬೇಡ ಅನ್ನಲಿ ಅಂತಲ್ಲ, ನಾಳೆ ನನ್ನ ತಲೆಗೆ ಬರಬಾರದು ಅಂತ. ವ್ಯಾಪಾರದವನ ಬುದ್ಧಿ.

“ಶಿವ ಇಸವನ್ನೇ ಕುಡ್ದು ಗಂಟ್ಲಲ್ಲಿ ಮಡೀಕಂಡವ್ನು. ಎಣ್ಣಿನ ತಾಯಿ ಮಾಡಿದ್ ದ್ರಾಕ್ಸಿ ರಸಕ್ಕೆ ಮುನಿಸ್ಕತಾನಾ? ಮುನಿಸ್ಕಂಡ್ರೆ ನಾನ್ ನೋಡ್ಕತೀನಿ, ನೀ ತಕ್ಕಂಡ್ ಬಾ.”

ಆ ತಗ್ಗಿನಲ್ಲಿ ಹೊಳೆಮರಳು ಹಾಸಿ, ನೀರು ಚಿಮುಕಿಸಿ, ಬಾಟಲಿಗಳನ್ನು ಮಲಗಿಸಿದೆವು. ಮೇಲೆ ಅವ್ವನ ಹಳೇ ಕಂಬಳಿ. ಅವತ್ತಿನಿಂದ ನಮ್ಮ ಮನೆಯಲ್ಲಿ ದಿನಾ ಬೆಳಿಗ್ಗೆ ಪೂಜೆ, ಮಂಗಳಾರತಿ ಎಲ್ಲ ನಡೆದದ್ದು ಆ ಕಂಬಳಿಯ ಪಕ್ಕದಲ್ಲೇ. ಅವ್ವ ಮರಳು ಒಣಗಿದರೆ ನೀರು ಚಿಮುಕಿಸುತ್ತಿದ್ದಳು, ಅಷ್ಟೇ. ಒಂದು ದಿನವೂ ಕಂಬಳಿ ಎತ್ತಿ ನೋಡಲಿಲ್ಲ. ಕೈಯಾಡಿಸಿಯೇ ಎಪ್ಪತ್ತು ದಾಟಿದವಳಿಗೆ ಕೈ ಕಟ್ಟಿಕೊಂಡು ಕೂರುವುದು ಎಷ್ಟು ಕಷ್ಟ ಅಂತ ನೋಡಿದವರಿಗೇ ಗೊತ್ತು. ಊಟ ಮಾಡುವಾಗಲೂ ಕಣ್ಣು ಆ ಮೂಲೆಗೇ ಹೋಗುತ್ತಿತ್ತು.

ಮೊದಲನೆಯ ಭರಣಿಯ ವಿನಿಗರನ್ನೂ ಚೇಚಿ ಚೆಲ್ಲಲಿಲ್ಲ. ಅವರ ಮದುವೆ ಊಟಕ್ಕೆ ಖರ್ಜೂರ, ಶುಂಠಿ, ಬೆಳ್ಳುಳ್ಳಿ ಹಾಕಿ ಒಂದು ಉಪ್ಪಿನಕಾಯಿ ಮಾಡುತ್ತಾರೆ, ಅದಕ್ಕೆ ವಿನಿಗರೇ ಬೇಕು. ಅವ್ವ ಮೂರು ಸಲ ಕೇಳಿದಳು, ಈಗ ಅದು ಹೆಂಡ ಅಲ್ಲ ತಾನೆ ಅಂತ. ಅಮಲು ಬರುವುದಿಲ್ಲ, ಬರೀ ಹುಳಿ ಅಮ್ಮಚ್ಚಿ, ನಿಮ್ಮ ಹುಣಸೆಹಣ್ಣಿನ ಹಾಗೆ ಅಂತ ಚೇಚಿ ಮೂರು ಸಲವೂ ಹೇಳಿದಳು. ಆಮೇಲೆ ಅವ್ವ ಸೆರಗು ಸಿಕ್ಕಿಸಿಕೊಂಡು ಕೂತಳು. ಉಪ್ಪಿನ ಅಂದಾಜು ಅವಳದು, ಖಾರದ ಅಂದಾಜು ಚೇಚಿಯದು, ಶುಂಠಿ ನನ್ನ ಗೋಡೌನಿನದು. ಅವ್ವ ಯಾವತ್ತೂ ರುಚಿ ನೋಡುವವಳಲ್ಲ, ಮೂಗಲ್ಲೇ ಹೇಳುತ್ತಾಳೆ. ಜಾಡಿಯ ಮೇಲೆ ಬಗ್ಗಿ ಮೂಸಿ, ಇನ್ನೊಂದು ಹಿಡಿ ಉಪ್ಪು ಹಾಕು ಮಗ ಅಂದಳು. ಹಾಕಿದರು.

ಮದುವೆಯ ಬೆಳಿಗ್ಗೆ ನಾನೂ ಅವ್ವನೂ ಬಾಟಲಿಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ, ಬಿಸಿಲೇರುವ ಮುಂಚೆ ಎಚ್.ಡಿ. ಕೋಟೆ ಕಡೆ ಹೊರಟೆವು. ನಾನು ಗುಂಡಿ ಬಂದಲ್ಲೆಲ್ಲ ಗಾಡಿಯನ್ನು ಬಸುರಿಯನ್ನು ಕೂರಿಸಿಕೊಂಡ ಹಾಗೆ ಓಡಿಸಿದೆ. ಚರ್ಚಿನ ಪಕ್ಕದ ಮದುವೆ ಹಾಲ್‌ನಲ್ಲಿ ಚೇಚಿ ಒಂದೊಂದೇ ಬಾಟಲಿಯ ಮೇಣ ಒಡೆದಳು. ರುಚಿ ನೋಡು ಅಂದೆ. ಇಲ್ಲ, ಈಗ ನೋಡಿ ಏನು ಮಾಡಲಿ ಅಣ್ಣಾ, ಬದಲಿ ಇಲ್ಲವಲ್ಲ ಅಂದಳು. ಎಲ್ಲ ನೆಂಟರಿಗೂ ಸಾಲುವಷ್ಟು ವೈನು ಉಳಿದಿರಲಿಲ್ಲ; ಹೆಣ್ಣು ಗಂಡಿಗೆ, ಎರಡೂ ಮನೆಯ ಹಿರಿಯರಿಗೆ, ಅಷ್ಟೇ. ಉಳಿದವರಿಗೆ ನಿಂಬೆಹಣ್ಣಿನ ಪಾನಕ, ಅದಕ್ಕೆ ನಿಂಬೆಹಣ್ಣು ಕೊಡಿಸಿದವನು ನಾನೇ.

ಕೇಕು ಕತ್ತರಿಸಿದರು. ಹೆಣ್ಣಿಗೂ ಗಂಡಿಗೂ ಉದ್ದ ಕಾಲಿನ ಗ್ಲಾಸು ಕೊಟ್ಟರು. ಚೇಚಿ ವೇದಿಕೆಯ ಹತ್ತಿರ ಹೋಗಲೇ ಇಲ್ಲ. ಅಡುಗೆಯವರು ಓಡಾಡುವ ಬಾಗಿಲಲ್ಲಿ, ಅವ್ವನ ಪಕ್ಕದಲ್ಲಿ ನಿಂತಳು. ಮಗಳ ಕಡೆ ನೋಡಲೂ ಇಲ್ಲ, ನೆಲ ನೋಡುತ್ತಿದ್ದಳು.

ಅವ್ವ ನನ್ನ ಅಂಗಿ ಎಳೆದಳು. “ನಂಗೆ ಕಣ್ಣು ಸರಿಯಾಗ್ ಕಾಣಾಕಿಲ್ಲ ಕಣ್ಲಾ. ಉಡ್ಗಿ ಮೊಕ ನೋಡು. ಹುಳಿ ತಿಂದಂಗೆ ಮಾಡುದ್ಲಾ?”

ಹುಡುಗಿ ಒಂದು ಗುಟುಕು ಕುಡಿದಳು. ಗ್ಲಾಸು ಇಳಿಸಲಿಲ್ಲ. ಇನ್ನೊಂದು ಗುಟುಕು. ಆಮೇಲೆ ಪಕ್ಕದಲ್ಲಿದ್ದ ಅತ್ತೆಯ ಕಡೆ ತಿರುಗಿ ಏನೋ ಹೇಳಿದಳು. ಆ ಹೆಂಗಸು ತನ್ನ ಗ್ಲಾಸಿನದನ್ನು ಪೂರ್ತಿ ಮುಗಿಸಿ, ಖಾಲಿ ಗ್ಲಾಸನ್ನು ಬಡಿಸುವವನ ಕಡೆ ಮತ್ತೆ ಚಾಚಿದಳು.

“ಇಲ್ಲ ಕಣವ್ವ,” ಅಂದೆ. “ಬೀಗಿತ್ತಿ ಇನ್ನೊಂದ್ಸಲ ಕೇಳ್ತಾವ್ಳೆ.”

ಅವ್ವ ಅದನ್ನು ಚೇಚಿಗೆ ಹೇಳಬೇಕಾಗಲಿಲ್ಲ, ಅವಳಿಗೆ ಕೇಳಿಸಿತ್ತು. ಅವಳು ಸೆರಗಿನ ತುದಿಯಿಂದ ಮುಖವೊರೆಸಿಕೊಂಡು ತಕ್ಷಣ ಕೆಲಸಕ್ಕಿಳಿದಳು. ತೆರೆದ ಬಾಟಲಿಗಳಲ್ಲಿ ತಳಕ್ಕೆ ನಿಂತದ್ದನ್ನೆಲ್ಲ ಒಂದಕ್ಕೆ ಬಗ್ಗಿಸಿ, ಇದನ್ನ ಮುಚ್ಚಿ ಇಡಬೇಡಿ, ಇವತ್ತೇ ಮುಗಿಸಿ ಅಂತ ಗಂಡಿನ ಕಡೆಯ ಮುದುಕರ ಸಾಲಿಗೆ ತಾನೇ ಹೋಗಿ ಬಡಿಸತೊಡಗಿದಳು. ಅವರು ಸಾಕು ಅಂದರೂ ಬಿಡಲಿಲ್ಲ. ಅವ್ವ ಬಾಗಿಲಲ್ಲೇ ಒಂದು ಕುರ್ಚಿ ಎಳೆದುಕೊಂಡು ಕೂತಳು. ಅವಳ ಮುಂದೆ ಯಾರೋ ಪಾನಕದ ಲೋಟ ತಂದಿಟ್ಟರು. ಅವಳು ಅದನ್ನು ಎತ್ತಿ, ಮೊದಲು ಮೂಸಿ ನೋಡಿ, ಆಮೇಲೆ ಕುಡಿದಳು.